ಮೂರು ಜನರ ಕಾಫಿ ಕಂಪನಿಗೆ ಡ್ಯಾಶ್‌ಬೋರ್ಡ್ ಬೇಕಾ? ಯಾವ ಟೂಲ್, ಯಾವ ಚಾರ್ಟ್, ಗೊತ್ತಿರುವವರು ಹೇಳಿ

ಪೊನ್ನಂಪೇಟೆ_ರೋಸ್ಟ್

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಚಿಕ್ಕಪ್ಪನ ಮಗ, ಕಾಲೇಜಿನ ಗೆಳತಿ ಒಬ್ಬಳು, ಮೂವರು ಸೇರಿ ಪೊನ್ನಂಪೇಟೆಯಲ್ಲಿ ಕಾಫಿ ಹುರಿದು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇವೆ. ಜೊತೆಗೆ ಕರಿಮೆಣಸೂ ಇದೆ. ಎರಡನೇ ವರ್ಷ ನಡೆಯುತ್ತಿದೆ. ಮನೆ ತೋಟದ ಕಾಫಿ ಸಾಲುವುದಿಲ್ಲ, ಸುತ್ತಮುತ್ತಲಿನ ಬೆಳೆಗಾರರಿಂದಲೂ ಕೊಳ್ಳುತ್ತೇವೆ.

ತೊಂದರೆ ಏನಂದ್ರೆ ಲೆಕ್ಕ ಒಂದೊಂದು ಕಡೆ ಒಂದೊಂದಿದೆ. ವೆಬ್‌ಸೈಟ್ ಆರ್ಡರ್ ಅಲ್ಲೇ ಇರುತ್ತೆ. ವಾಟ್ಸಾಪ್ ಆರ್ಡರ್ ನೋಟ್‌ಬುಕ್‌ನಲ್ಲಿ. ಕೊರಿಯರ್ ಬಿಲ್ ಇಮೇಲ್‌ನಲ್ಲಿ. ಯುಪಿಐ ದುಡ್ಡು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ. ತಿಂಗಳ ಕೊನೆಗೆ "ಲಾಭ ಬಂತಾ?" ಅಂತ ಅಪ್ಪ ಕೇಳಿದರೆ ಮೂವರೂ ಮುಖ ಮುಖ ನೋಡಿಕೊಳ್ಳುತ್ತೇವೆ.

ಬೆಂಗಳೂರಿನ ಒಬ್ಬರು ಡ್ಯಾಶ್‌ಬೋರ್ಡ್ (ಎಲ್ಲ ಲೆಕ್ಕ ಒಂದೇ ಪುಟದಲ್ಲಿ ಚಾರ್ಟ್ ಆಗಿ ಕಾಣುವಂಥದ್ದು) ಮಾಡಿಕೊಡುತ್ತೇವೆ, ತಿಂಗಳು ತಿಂಗಳು ಫೀಸ್ ಕೊಡಿ ಅಂದರು. ಡೆಮೊ ತುಂಬಾ ಚೆನ್ನಾಗಿತ್ತು, ಬಣ್ಣ ಬಣ್ಣ, ಮುಳ್ಳು ತಿರುಗುವ ಮೀಟರ್ ಎಲ್ಲಾ ಇತ್ತು. ಇಷ್ಟು ಸಣ್ಣ ಕಂಪನಿಗೆ ಅದು ಬೇಕಾ? ಲುಕರ್ ಸ್ಟುಡಿಯೋ, ಪವರ್ ಬಿಐ, ಟ್ಯಾಬ್ಲೋ, ಜೋಹೋ, ಹೆಸರು ಕೇಳಿ ಕೇಳಿ ತಲೆ ಕೆಟ್ಟಿದೆ. ಸರ್ಕಾರದ ಎಲಿವೇಟ್ ಅನುದಾನಕ್ಕೂ ಅರ್ಜಿ ಹಾಕುವ ಯೋಚನೆ ಇದೆ, ಅದಕ್ಕೂ ಒಂದೆರಡು ಗ್ರಾಫ್ ಬೇಕು.

ಸಂಪಾಜೆ_ಘಾಟಿ

ನಾನು ಬೆಂಗಳೂರಲ್ಲಿ ಇದೇ ಕೆಲಸ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ ಮಾರಾಯ್ರೇ.

ಟೂಲ್ ಹೆಸರು ಬದಿಗಿಡಿ. ವಾರಕ್ಕೊಮ್ಮೆ ನೀವು ಮೂವರೂ ಕೂತು ಏನೇನು ತೀರ್ಮಾನ ಮಾಡುತ್ತೀರಿ, ಅದನ್ನು ಮೊದಲು ಬರೆಯಿರಿ. ಈ ವಾರ ಎಷ್ಟು ಹುರಿಯಬೇಕು? ಇನ್ನೊಂದು ಲಾಟ್ ಕೊಳ್ಳಬೇಕಾ? ಜಾಹೀರಾತಿಗೆ ದುಡ್ಡು ಹಾಕಬೇಕಾ, ನಿಲ್ಲಿಸಬೇಕಾ? ಒಂದು ಚಾರ್ಟ್ ನೋಡಿದ ಮೇಲೆ ಇವುಗಳಲ್ಲಿ ಯಾವುದೂ ಬದಲಾಗದಿದ್ದರೆ ಆ ಚಾರ್ಟ್ ಬೇಡ. ಆ ತಿರುಗುವ ಮೀಟರ್ ಇದೆಯಲ್ಲ, ಅರ್ಧ ಸ್ಕ್ರೀನ್ ತಿಂದು ಒಂದೇ ಒಂದು ಸಂಖ್ಯೆ ಹೇಳುತ್ತೆ. ಆ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಟ್ಟರೂ ಅದೇ ಕೆಲಸ ಆಗುತ್ತೆ.

ಟೂಲ್ ವಿಷಯ ನನ್ನ ಅಭಿಪ್ರಾಯ ಹೀಗೆ. ನಿಮಗೆ ಗೂಗಲ್ ಶೀಟ್ಸ್ ಸಾಕು. ಅದರಲ್ಲಿ 1 ಕೋಟಿ ಸೆಲ್ ತನಕ ಜಾಗ ಇದೆ, ನಿಮ್ಮ ಆರ್ಡರ್ ಅಷ್ಟಾಗುವ ಹೊತ್ತಿಗೆ ನೀವೇ ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. ಪಿವೋಟ್ ಟೇಬಲ್ ಕಲಿಯಿರಿ, ಉದ್ದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವಂಥದ್ದು, ಒಂದು ಭಾನುವಾರ ಸಾಕು. ಸ್ಪಾರ್ಕ್‌ಲೈನ್ ಅಂತ ಒಂದು ಫಾರ್ಮುಲಾ ಇದೆ, ಒಂದೇ ಸೆಲ್ ಒಳಗೆ ಪುಟ್ಟ ಗೆರೆ ಬಿಡಿಸುತ್ತೆ. ಪ್ರತಿ ಪ್ಯಾಕೆಟ್ ಹೆಸರಿನ ಮುಂದೆ ಅದೊಂದು ಇಟ್ಟರೆ ಯಾವುದು ಏರುತ್ತಿದೆ, ಯಾವುದು ಮಲಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ಫೋನ್‌ನಲ್ಲಿ ನೋಡಲು ಚಂದದ ಪುಟ ಬೇಕು ಅನ್ನಿಸಿದರೆ ಅದೇ ಶೀಟನ್ನು ಲುಕರ್ ಸ್ಟುಡಿಯೋಗೆ ಜೋಡಿಸಿ. 2022ರ ತನಕ ಅದರ ಹೆಸರು ಡೇಟಾ ಸ್ಟುಡಿಯೋ ಅಂತ ಇತ್ತು, ಹಳೇ ವಿಡಿಯೋಗಳಲ್ಲಿ ಆ ಹೆಸರೇ ಇರುತ್ತೆ, ಗಾಬರಿ ಆಗಬೇಡಿ. ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ, ಮಾಡಿದ್ದನ್ನು ಖಾಸಗಿಯಾಗಿ ಇನ್ನೊಬ್ಬರಿಗೆ ಹಂಚಲು ಲೈಸೆನ್ಸ್ ಕೊಳ್ಳಬೇಕು. ಒಂದೆರಡು ಚಾರ್ಟ್ ಮಾತ್ರ ಅಚ್ಚುಕಟ್ಟಾಗಿ ಬೇಕಿದ್ದರೆ ಡೇಟಾರ್ಯಾಪರ್ ಬಳಸಿ, ನನಗೆ ಅದು ತುಂಬಾ ಇಷ್ಟ. ಫ್ಲರಿಷ್‌ನಲ್ಲಿ ಓಡುವ ಬಾರ್‌ಗಳನ್ನೆಲ್ಲ ಮಾಡಬಹುದು, ರೀಲ್ಸ್‌ಗೆ ಸರಿ, ತೀರ್ಮಾನಕ್ಕೆ ಅಲ್ಲ.

ಲೆಕ್ಕದಕ್ಕ

ಕುಶಾಲನಗರದಿಂದ. ಸಣ್ಣ ಕಂಪನಿಗಳ ಲೆಕ್ಕ ಬರೆಯುವುದೇ ನನ್ನ ಕೆಲಸ. ಘಾಟಿಯವರು ಹೇಳಿದ್ದು ಸರಿ, ಆದರೆ ಕಾಫಿಯವರಿಗೆ ಅದಕ್ಕಿಂತ ಮುಂಚೆ ಒಂದು ಲೆಕ್ಕ ಬೇಕು ತಂಗಿ. ಒಂದು ಕೆಜಿ ಹುರಿದ ಕಾಫಿ ನಿಮಗೆ ನಿಜವಾಗಿ ಎಷ್ಟಕ್ಕೆ ಬೀಳುತ್ತೆ?

ಎಲ್ಲರೂ ಮೂಟೆ ರೇಟ್ ಬರೆದಿಡುತ್ತಾರೆ. ಅದು ಸಾಲಲ್ಲ. ಔಟ್‌ಟರ್ನ್ ಬರೆಯಬೇಕು, ಅಂದರೆ ಒಂದು ಮೂಟೆಯಿಂದ ಎಷ್ಟು ಕ್ಲೀನ್ ಬೀಜ ಬರುತ್ತೆ ಅನ್ನುವುದು. 50 ಕೆಜಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಯಲ್ಲಿ ಒಬ್ಬರದ್ದು 26 ಕೆಜಿ ಕ್ಲೀನ್ ಬೀಜ ಕೊಟ್ಟರೆ ಇನ್ನೊಬ್ಬರದ್ದು 28 ಕೊಡುತ್ತೆ. ಹುರಿದಾಗ ತೂಕ ಮತ್ತೆ ಇಳಿಯುತ್ತೆ, ಎಷ್ಟು ಕಪ್ಪಾಗಿ ಹುರಿಯುತ್ತೀರಿ ಅನ್ನುವುದರ ಮೇಲೆ ನೂರಕ್ಕೆ 15ರಿಂದ 20ರ ಆಸುಪಾಸು. ಸುಮ್ನೆ ಲೆಕ್ಕಕ್ಕೆ ಮೂಟೆ 10,000 ರೂಪಾಯಿ, ಹುರಿಯುವಾಗ ಇಳಿಕೆ ನೂರಕ್ಕೆ 16 ಅಂತ ಇಟ್ಟುಕೊಳ್ಳಿ. 26ರ ಮೂಟೆಯಿಂದ ಕೈಗೆ ಬರುವುದು 21.84 ಕೆಜಿ, ಅಂದರೆ ಕೆಜಿಗೆ ಸುಮಾರು 458 ರೂಪಾಯಿ. 28ರ ಮೂಟೆಯಿಂದ 23.52 ಕೆಜಿ, ಕೆಜಿಗೆ ಸುಮಾರು 425. ಒಂದೇ ರೇಟಿಗೆ ಕೊಂಡ ಎರಡು ಮೂಟೆ, ಕೆಜಿಗೆ 33 ರೂಪಾಯಿ ವ್ಯತ್ಯಾಸ! ಕೂಲಿ, ಸಾಗಣೆ, ಪ್ಯಾಕೆಟ್ ಇನ್ನೂ ಸೇರಿಸಿಲ್ಲ.

ಲಾಟ್‌ಗೊಂದು ಬಾರ್ ಹಾಕಿ, ಹುರಿದ ಕೆಜಿಯ ಅಸಲು ತೋರಿಸಿ, ಮೇಲೆ ಮಾರುವ ಬೆಲೆಗೆ ಒಂದು ಅಡ್ಡಗೆರೆ ಎಳೆಯಿರಿ. ಯಾರ ಹತ್ತಿರ ಮತ್ತೆ ಕೊಳ್ಳಬೇಕು, ಯಾರ ಹತ್ತಿರ ರೇಟ್ ಮಾತಾಡಬೇಕು ಅಂತ ಆ ಒಂದು ಚಿತ್ರ ಹೇಳುತ್ತೆ.

ಎರಡನೆಯದು ಕೈಯಲ್ಲಿರುವ ದುಡ್ಡು. ಲಾಭ ಅಲ್ಲ, ದುಡ್ಡು. ನಮ್ಮ ಕಸುಬು ಗೊತ್ತಲ್ಲ, ಅರೇಬಿಕಾ ನವೆಂಬರ್‌ನಿಂದ ಶುರು, ರೋಬಸ್ಟಾ ಮಾರ್ಚ್ ತನಕ, ಅಷ್ಟರಲ್ಲಿ ಮೆಣಸೂ ಬರುತ್ತೆ. ಕೊಳ್ಳುವುದೆಲ್ಲ ಆ ನಾಲ್ಕೈದು ತಿಂಗಳಲ್ಲಿ. ಮಾರಾಟ ವರ್ಷವಿಡೀ ಚೂರು ಚೂರು. ಪುಸ್ತಕದಲ್ಲಿ ಲಾಭ ಇರುತ್ತೆ, ಬ್ಯಾಂಕಲ್ಲಿ ಏನೂ ಇರಲ್ಲ. ವಾರವಾರದ ಬ್ಯಾಂಕ್ ಬಾಕಿಗೆ ಒಂದು ಗೆರೆ ಎಳೆಯಿರಿ. ಮುಂದಿನ ಆರು ತಿಂಗಳ ಅಂದಾಜನ್ನು ಚುಕ್ಕಿ ಗೆರೆಯಲ್ಲಿ ಮುಂದುವರಿಸಿ. ಆ ಚುಕ್ಕಿ ಗೆರೆ ಸೊನ್ನೆ ಮುಟ್ಟುವ ತಿಂಗಳು ಯಾವುದು, ಅದನ್ನು ಅಪ್ಪನಿಗೆ ತೋರಿಸಿ.

ಪೊನ್ನಂಪೇಟೆ_ರೋಸ್ಟ್

ಅಕ್ಕ, ಔಟ್‌ಟರ್ನ್ ನಮ್ಮ ಹತ್ತಿರ ಇದೆ, ಕೊಳ್ಳುವಾಗ ಸ್ಯಾಂಪಲ್ ತೆಗೆದು ಚೀಟಿಯಲ್ಲಿ ಬರೆಯುತ್ತೇವೆ. ಆದರೆ ಚೀಟಿ ಚೀಟಿಯಾಗಿಯೇ ಉಳಿಯುತ್ತೆ. ಶೀಟ್‌ಗೆ ಹಾಕುತ್ತೇನೆ.

ಇನ್ನೊಂದು ಪ್ರಶ್ನೆ. ಯಾವ ಪ್ಯಾಕೆಟ್ ಎಷ್ಟು ಮಾರಾಟ ಅಂತ ಪೈ ಚಾರ್ಟ್ ಮಾಡಿದ್ದೇವೆ, ಒಂಬತ್ತು ತುಂಡು ಇದೆ. ಗೆಳತಿ ಅದು ಚೆನ್ನಾಗಿದೆ ಅಂತಾಳೆ, ನನಗೆ ಏನೂ ತಿಳಿಯಲ್ಲ. ಯಾರದ್ದು ಸರಿ?

ಸಂಪಾಜೆ_ಘಾಟಿ

ನಿಮ್ಮದೇ ಸರಿ. ಒಂಬತ್ತು ತುಂಡಿನ ಪೈ ನೋಡಿ ಎರಡನೇ ದೊಡ್ಡದು ಯಾವುದು ಅಂತ ಯಾರೂ ಹೇಳಲಾರರು. ಇದು ಬರೀ ರುಚಿಯ ಮಾತಲ್ಲ. 1984ರಲ್ಲಿ ಕ್ಲೀವ್‌ಲ್ಯಾಂಡ್, ಮ್ಯಾಕ್‌ಗಿಲ್ ಅಂತ ಇಬ್ಬರು ಸಂಖ್ಯಾಶಾಸ್ತ್ರದವರು ಜನರ ಮುಂದೆ ಬೇರೆ ಬೇರೆ ಚಾರ್ಟ್ ಇಟ್ಟು ಪರೀಕ್ಷೆ ಮಾಡಿದರು. ಒಂದೇ ನೆಲದಿಂದ ಎದ್ದ ಬಾರ್‌ಗಳನ್ನು ಜನ ಸರಿಯಾಗಿ ಹೋಲಿಸುತ್ತಾರೆ, ಕೋನ ನೋಡಿ ಅಳೆಯುವಾಗ ಜಾಸ್ತಿ ತಪ್ಪುತ್ತಾರೆ. ತಮಾಷೆ ಅಂದರೆ ಬಾರ್ ಚಾರ್ಟ್, ಪೈ ಚಾರ್ಟ್ ಎರಡನ್ನೂ ಪುಸ್ತಕಕ್ಕೆ ತಂದವನು ಒಬ್ಬನೇ, ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಬಾರ್ 1786ರಲ್ಲಿ, ಪೈ 1801ರಲ್ಲಿ. ಮೊದಲನೆಯದಕ್ಕೇ ನಿಲ್ಲಿಸಿದ್ದರೆ ಸಾಕಿತ್ತು.

ಅಡ್ಡ ಬಾರ್ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಬಾರ್ ಯಾವಾಗಲೂ ಸೊನ್ನೆಯಿಂದ ಶುರುವಾಗಲಿ. ಗೆರೆ ಚಾರ್ಟ್‌ಗೆ ಆ ಕಟ್ಟುಪಾಡು ಇಲ್ಲ.

ಲೆಕ್ಕದಕ್ಕ

@ಸಂಪಾಜೆ_ಘಾಟಿ ಪೈ ಮೇಲೆ ಅಷ್ಟು ಸಿಟ್ಟು ಬೇಡ ಅಣ್ಣ. ಎರಡೇ ತುಂಡು ಇದ್ದಾಗ ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ. "ನಮ್ಮ ಮಾರಾಟದಲ್ಲಿ ಮುಕ್ಕಾಲು ಭಾಗ ಹಳೇ ಗಿರಾಕಿಗಳದ್ದು" ಅಂತ ಬ್ಯಾಂಕ್ ಮ್ಯಾನೇಜರ್‌ಗೆ ಹೇಳಲು ನಾನಂತೂ ಪೈಯನ್ನೇ ಹಾಕುತ್ತೇನೆ. ಅವರು ಬಾರ್ ಓದುವ ತಾಳ್ಮೆಯಲ್ಲಿ ಇರುವುದಿಲ್ಲ.

ಸಂಪಾಜೆ_ಘಾಟಿ

ಎರಡು ತುಂಡಾದರೆ ಒಪ್ಪಿದೆ. ಮೂರನೆಯದು ಬಂದರೆ ಮತ್ತೆ ಜಗಳಕ್ಕೆ ಬರುತ್ತೇನೆ.

ಮಡಿಕೇರಿ_ಮಂಜು

ಕಾಫಿ ಅಲ್ಲ, ನಮ್ಮದು ಹೋಂಸ್ಟೇ ಬುಕಿಂಗ್ ನೋಡಿಕೊಳ್ಳುವ ಸಣ್ಣ ಕಂಪನಿ. ಹಲವು ಮನೆಯವರಿಗೆ ರೂಮ್ ಲೆಕ್ಕ, ರೇಟ್ ಎಲ್ಲ ನಾವೇ ನೋಡುತ್ತೇವೆ. ನಮಗೆ ಬಹಳ ಉಪಯೋಗಕ್ಕೆ ಬಂದ ಒಂದು ವಿಷಯ ಹೇಳುತ್ತೇನೆ.

ಕೊಡಗಿನ ವ್ಯಾಪಾರವನ್ನು ಹಿಂದಿನ ತಿಂಗಳಿಗೆ ಹೋಲಿಸುವುದೇ ದಂಡ. ಮೇಯಿಂದ ಜುಲೈಗೆ ಬಿದ್ದರೆ ಅದು ಮಳೆ. ವ್ಯಾಪಾರ ಕೆಟ್ಟಿತು ಅಂತ ಅರ್ಥ ಅಲ್ಲ. ಹಾಗಾಗಿ ಎಲ್ಲರೂ ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿ ಅಂತಾರೆ. ಅದೂ ಪೂರ್ತಿ ಸರಿ ಇಲ್ಲ. ದಸರಾ ನೋಡಿ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24, 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಮಡಿಕೇರಿಯಲ್ಲಿ ದಶಮಂಟಪದ ಮೆರವಣಿಗೆ ನಡೆಯುವ ವಿಜಯದಶಮಿಯ ರಾತ್ರಿ ಒಂದು ರೂಮೂ ಸಿಗಲ್ಲ, ಅದು ಎಲ್ಲರಿಗೂ ಗೊತ್ತು. 2025ರ ನವರಾತ್ರಿ ಬಹುಪಾಲು ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಅಕ್ಟೋಬರ್‌ಗೆ ಅಕ್ಟೋಬರ್ ಹೋಲಿಸಿದರೆ ಇಳಿದ ಹಾಗೆ ಕಾಣುತ್ತೆ, ಸೆಪ್ಟೆಂಬರ್‌ಗೆ ಸೆಪ್ಟೆಂಬರ್ ಹೋಲಿಸಿದರೆ ಹಾರಿದ ಹಾಗೆ ಕಾಣುತ್ತೆ. ಎರಡೂ ಸುಳ್ಳು.

ನಾವು ಶೀಟ್‌ನಲ್ಲಿ ತಾರೀಖಿನ ಪಕ್ಕ ಇನ್ನೊಂದು ಕಾಲಂ ಇಟ್ಟಿದ್ದೇವೆ, "ದಸರಾದಿಂದ ಎಷ್ಟು ದಿನ" ಅಂತ. ವಿಜಯದಶಮಿ ಸೊನ್ನೆ, ಹಿಂದಿನ ದಿನ ಮೈನಸ್ 1, ಹೀಗೆ. ಚಾರ್ಟ್‌ನ ಅಡಿಯಲ್ಲಿ ತಾರೀಖಿನ ಬದಲು ಆ ಸಂಖ್ಯೆ ಇಟ್ಟು ಮೂರು ವರ್ಷದ ಗೆರೆಗಳನ್ನು ಒಂದರ ಮೇಲೊಂದು ಹಾಕಿದರೆ ಆಗ ನಿಜ ಕಾಣುತ್ತೆ. ಜನ ಎಷ್ಟು ದಿನ ಮುಂಚೆ ಬುಕ್ ಮಾಡುತ್ತಾರೆ ಅಂತಲೂ ಗೊತ್ತಾಯಿತು, ರೇಟ್ ಯಾವಾಗ ಏರಿಸಬೇಕು ಅಂತಲೂ. ದೀಪಾವಳಿ ಗಿಫ್ಟ್ ಪ್ಯಾಕ್ ಮಾರುವ ಕಾಫಿಯವರೂ ಇದನ್ನೇ ಮಾಡಬಹುದು.

ವಾರಾಂತ್ಯವೂ ಅಷ್ಟೇ. ಒಂದು ತಿಂಗಳಲ್ಲಿ ನಾಲ್ಕು ಶನಿವಾರ, ಇನ್ನೊಂದರಲ್ಲಿ ಐದು. ಹೋಂಸ್ಟೇಗೆ ಅದೇ ದೊಡ್ಡ ವ್ಯತ್ಯಾಸ.

ಮಳೆಪುಸ್ತಕ

ನಾಪೋಕ್ಲು ಕಡೆಯ ಬೆಳೆಗಾರ ನಾನು. ವಯಸ್ಸಾಗಿದೆ, ಆದರೂ ಓದುತ್ತಿದ್ದೇನೆ. ನಿಮ್ಮ ಡ್ಯಾಶ್‌ಬೋರ್ಡ್‌ಗಿಂತ ಮುಂಚೆಯೇ ನಮ್ಮ ಮನೆಯಲ್ಲಿ ಮಳೆ ಪುಸ್ತಕ ಇತ್ತು. ಬೆಳಿಗ್ಗೆ ಅಳತೆ ನೋಡಿ ಇಂಚು, ಸೆಂಟು ಬರೆಯುವುದು. ನಮ್ಮ ತಂದೆ ಬರೆದದ್ದೂ ಇದೆ. ಹೂಮಳೆ (ಕಾಫಿ ಹೂ ಬಿಡಿಸುವ ಮಳೆ) ಯಾವಾಗ ಬಂತು, ಅದರ ನಂತರದ ಮಳೆ ಯಾವಾಗ ಬಂತು, ಆ ವರ್ಷ ಬೆಳೆ ಹೇಗಿತ್ತು, ಎಲ್ಲ ಅದರಲ್ಲಿದೆ. 2018ರ ಆಗಸ್ಟ್‌ನ ಪುಟ ಈಗಲೂ ತೆಗೆದು ನೋಡುತ್ತೇನೆ.

ಈಗ ಮೊಮ್ಮಗ ಇದನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತೇನೆ ಅಂತ ಕೂತಿದ್ದಾನೆ. ಯಾರೋ ಹುಡುಗರು ತೋಟದವರಿಗೆ ಮಳೆ ಲೆಕ್ಕದ ಆಪ್ ಮಾಡುತ್ತಿದ್ದಾರಂತೆ, ಅವರಿಗೂ ಕೊಡುತ್ತಾನಂತೆ. ಆದರೆ ಅವನು ಬಿಡಿಸಿದ ಗ್ರಾಫ್‌ನಲ್ಲಿ ಮಾರ್ಚ್‌ನಲ್ಲಿ ಒಂದು ದಿನ ಭಾರೀ ಮಳೆ ಅಂತ ತೋರಿಸುತ್ತಿದೆ. ಆ ವರ್ಷ ಅಂಥ ಮಳೆ ಬಂದೇ ಇಲ್ಲ. ಯಾಕೆ ಹೀಗೆ?

ಶನಿವಾರಸಂತೆ_ಸಿಗ್ನಲ್

ಅಂಕಲ್, ಆ ಆಪ್ ಮಾಡುತ್ತಿರುವ ಹುಡುಗರಲ್ಲಿ ನಾನೂ ಒಬ್ಬ! ಮಳೆ ಪುಸ್ತಕಗಳನ್ನು ಕೈಯಿಂದ ಟೈಪ್ ಮಾಡುವಾಗ ಇದು ಎಲ್ಲ ಮನೆಯದ್ದರಲ್ಲೂ ಬರುತ್ತೆ. ಪುಸ್ತಕದಲ್ಲಿ 2-5 ಅಂತ ಇರುತ್ತೆ, ಅಂದರೆ 2 ಇಂಚು 5 ಸೆಂಟು. ಇಂಚಿಗೆ 100 ಸೆಂಟು, ಹಾಗಾಗಿ ಅದು 2.05 ಇಂಚು, ಸುಮಾರು 52 ಮಿಲಿಮೀಟರ್. ಟೈಪ್ ಮಾಡುವವರು 2.5 ಅಂತ ಹಾಕಿಬಿಡುತ್ತಾರೆ, ಅದು 63.5 ಮಿಲಿಮೀಟರ್ ಆಗುತ್ತೆ.

ಇನ್ನೂ ದೊಡ್ಡ ತೊಂದರೆ ಇದೆ. 2-5 ಅಂತಲೇ ಟೈಪ್ ಮಾಡಿದರೆ ಶೀಟ್ ಅದನ್ನು ತಾರೀಖು ಅಂದುಕೊಳ್ಳುತ್ತೆ. ತಾರೀಖನ್ನು ಅದು ಒಳಗೆ ಐದಂಕಿಯ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುವುದು, 45 ಸಾವಿರದ ಆಸುಪಾಸು. ಗ್ರಾಫ್ ಹಾಕಿದರೆ ಆಕಾಶಕ್ಕೆ ಹೋದ ಕಂಬ. ಮೊಮ್ಮಗನಿಗೆ ಆ ಮಾರ್ಚ್ ದಿನದ ಸೆಲ್ ಒತ್ತಿ ನೋಡಲು ಹೇಳಿ. ಇಂಚಿಗೆ ಒಂದು ಕಾಲಂ, ಸೆಂಟಿಗೆ ಇನ್ನೊಂದು ಕಾಲಂ ಮಾಡಿ. ಮೂರನೇ ಕಾಲಂನಲ್ಲಿ ಫಾರ್ಮುಲಾ ಹಾಕಿ ಮಿಲಿಮೀಟರ್‌ಗೆ ತರಲಿ, ಸೆಂಟನ್ನು 100ರಿಂದ ಭಾಗಿಸಿ ಇಂಚಿಗೆ ಕೂಡಿಸಿ 25.4ರಿಂದ ಗುಣಿಸಿದರೆ ಆಯಿತು. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರ್‌ನಲ್ಲೇ ಇರುವುದು, ಹೋಲಿಸಲು ಸುಲಭ. ಆದರೆ ತೋಟದವರಿಗೆ ತೋರಿಸುವ ಗ್ರಾಫ್ ಮಾತ್ರ ಇಂಚಿನಲ್ಲೇ ಇರಲಿ. ಮಿಲಿಮೀಟರ್ ಹೇಳಿದರೆ ನಮ್ಮ ಅಜ್ಜ ಒಪ್ಪುವುದೇ ಇಲ್ಲ.

ಇನ್ನೊಂದು, ಮಳೆ ಬಾರದ ದಿನಕ್ಕೆ 0 ಬರೆಯಿರಿ. ಅಳೆಯದ ದಿನವನ್ನು ಖಾಲಿ ಬಿಡಿ. ಎರಡೂ ಒಂದೇ ಆದರೆ ಆ ಡೇಟಾ ಯಾರಿಗೂ ಉಪಯೋಗ ಇಲ್ಲ.

ಮಳೆಪುಸ್ತಕ

ನೋಡಿದೆವು. ತಾರೀಖೇ ಆಗಿತ್ತು. ಹುಡುಗ ಈಗ ಎರಡು ಕಾಲಂ ಮಾಡುತ್ತಿದ್ದಾನೆ. ಪುಸ್ತಕ ಕೊಡುತ್ತೇವೆ, ಆದರೆ ಮನೆಯಿಂದ ಹೊರಗೆ ಕಳಿಸುವುದಿಲ್ಲ, ಬಂದು ಫೋಟೋ ತೆಗೆದುಕೊಳ್ಳಿ.

ಸಂಪಾಜೆ_ಘಾಟಿ

ತಾರೀಖಿನ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಹೊಸ ಗೂಗಲ್ ಶೀಟ್ ತೆರೆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಇಂಡಿಯಾ ಅಂತ ಮಾಡಿ. ಅಮೆರಿಕದ್ದು ಇದ್ದರೆ ನಿಮ್ಮ 5/2 ಅನ್ನು ಮೇ 2 ಅಂದುಕೊಳ್ಳುತ್ತೆ. 13ನೇ ತಾರೀಖಿನಿಂದ ಮುಂದಿನದ್ದನ್ನು ತಾರೀಖೇ ಅಲ್ಲ ಅಂತ ಬಿಟ್ಟುಬಿಡುತ್ತೆ. ತಿಂಗಳ ಮಾರಾಟ ಅರ್ಧಂಬರ್ಧ ಬರುವುದಕ್ಕೆ ಬಹಳ ಸಲ ಇದೇ ಕಾರಣ.

ಲೆಕ್ಕದಕ್ಕ

ಊರಿನ ಹೆಸರೂ ಅಷ್ಟೇ. ಒಬ್ಬರು ಗೋಣಿಕೊಪ್ಪ, ಇನ್ನೊಬ್ಬರು ಗೋಣಿಕೊಪ್ಪಲು. ವಿರಾಜಪೇಟೆ, ವೀರಾಜಪೇಟೆ. ಪಿವೋಟ್ ಹಾಕಿದರೆ ಒಂದೇ ಊರು ನಾಲ್ಕು ಸಾಲಿನಲ್ಲಿ. ಡ್ರಾಪ್‌ಡೌನ್ ಇಟ್ಟುಬಿಡಿ, ಟೈಪ್ ಮಾಡಲು ಬಿಡಲೇಬೇಡಿ.

ಶನಿವಾರಸಂತೆ_ಸಿಗ್ನಲ್

ಕನ್ನಡದಲ್ಲಿ ಇನ್ನೊಂದು ಕಾಟ ಇದೆ ಅಕ್ಕ. ಕಣ್ಣಿಗೆ ಒಂದೇ ತರ ಕಾಣುವ ಎರಡು ಹೆಸರು ಕಂಪ್ಯೂಟರಿಗೆ ಬೇರೆ ಬೇರೆ ಆಗಿರುತ್ತೆ. ಒಳಗೆ ಕಾಣದ ಅಕ್ಷರ ಒಂದು ಕೂತಿರುತ್ತೆ, ಅರ್ಧಾಕ್ಷರ ಬಿಡಿಸಲು ಕೀಬೋರ್ಡ್ ಹಾಕುವಂಥದ್ದು. ಓಪನ್‌ರಿಫೈನ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಒಂದೇ ತರದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತೆ, ನಾವು ಒಪ್ಪಿದರೆ ಸೇರಿಸುತ್ತೆ. ಹಳೇ ಪಟ್ಟಿಗಳು ನುಡಿ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಚಾರ್ಟ್‌ನಲ್ಲಿ ಬರೀ ಕಸ ಬರುತ್ತೆ.

ಕನ್ನಡ ಲೇಬಲ್ ಇರುವ ಚಾರ್ಟನ್ನು ಕೆಲವು ಸಾಫ್ಟ್‌ವೇರ್‌ನಿಂದ ಪಿಡಿಎಫ್ ಮಾಡಿದರೆ ಒತ್ತಕ್ಷರ ಚದುರಿ ಹೋಗುತ್ತೆ. ಬ್ರೌಸರ್‌ನಲ್ಲಿ ಸರಿ ಕಾಣುತ್ತಿದ್ದರೆ ಅಲ್ಲಿಂದಲೇ ಚಿತ್ರವಾಗಿ ಇಳಿಸಿಕೊಳ್ಳಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಬಳಸಿದರೆ ತೊಂದರೆ ಕಡಿಮೆ.

ಪೊನ್ನಂಪೇಟೆ_ರೋಸ್ಟ್

ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ. ಎರಡು ಸಂದೇಹ ಉಳಿದಿದೆ. ಒಂದು, ಗಿರಾಕಿಗಳು ಎಲ್ಲಿಯವರು ಅಂತ ಮ್ಯಾಪ್ ಮಾಡಿದರೆ ಉಪಯೋಗ ಇದೆಯಾ? ಎರಡು, ಸರಾಸರಿ ಆರ್ಡರ್ ಎಷ್ಟು ಅಂತ ನೋಡಿದರೆ ದೊಡ್ಡ ಸಂಖ್ಯೆ ಬರುತ್ತಿದೆ, ಆದರೆ ದಿನಾ ಬರುವ ಆರ್ಡರ್ ಒಂದೆರಡು ಪ್ಯಾಕೆಟ್ ಮಾತ್ರ.

ಸಂಪಾಜೆ_ಘಾಟಿ

ಎರಡನೆಯದು ಮೊದಲು. ಯಾವುದೋ ಆಫೀಸಿನವರು ಹಬ್ಬಕ್ಕೆ ದೊಡ್ಡ ಆರ್ಡರ್ ಕೊಟ್ಟಿರಬೇಕು. ಐದು ಆರ್ಡರ್ ಇದೆ ಅನ್ನಿ, 1, 1, 2, 2, 80 ಪ್ಯಾಕೆಟ್. ಸರಾಸರಿ 17.2. ಅಷ್ಟು ಪ್ಯಾಕೆಟ್ ಕೊಂಡವರು ಒಬ್ಬರೂ ಇಲ್ಲ! ಸಾಲಾಗಿ ಜೋಡಿಸಿ ನಡುವಿನದ್ದು ತೆಗೆದುಕೊಳ್ಳಿ, 2. ಅದೇ ನಿಮ್ಮ ಗಿರಾಕಿ. ಆಫೀಸ್ ಆರ್ಡರ್‌ಗಳನ್ನು ಬೇರೆ ಶೀಟ್‌ಗೆ ಹಾಕಿ, ಅದು ಬೇರೆಯದೇ ವ್ಯಾಪಾರ.

ಅದಕ್ಕಿಂತ ಒಳ್ಳೆಯದು ಇನ್ನೊಂದಿದೆ. ಒಬ್ಬರ ಮೊದಲ ಆರ್ಡರ್‌ಗೂ ಎರಡನೆಯದಕ್ಕೂ ನಡುವೆ ಎಷ್ಟು ದಿನ? ಎಲ್ಲ ಗಿರಾಕಿಗಳದ್ದು ತೆಗೆದು ಹಿಸ್ಟೋಗ್ರಾಮ್ ಹಾಕಿ, ಅಂದರೆ ಎಷ್ಟೆಷ್ಟು ದಿನಕ್ಕೆ ಎಷ್ಟು ಜನ ಅಂತ ತೋರಿಸುವ ಬಾರ್‌ಗಳು. ಕಾಫಿ ಮುಗಿಯುವ ವಸ್ತು, ಹಾಗಾಗಿ ಎಲ್ಲೋ ಒಂದು ಕಡೆ ಗುಡ್ಡ ಕಾಣಬೇಕು. ಆ ಗುಡ್ಡ ಶುರುವಾಗುವ ನಾಲ್ಕು ದಿನ ಮುಂಚೆ "ಪುಡಿ ಮುಗೀತಾ?" ಅಂತ ವಾಟ್ಸಾಪ್ ಕಳಿಸಿ. ಗುಡ್ಡ ದಾಟಿ ಬಹಳ ದಿನ ಆದವರ ಪಟ್ಟಿ ಬೇರೆ ತೆಗೆದು ಫೋನ್ ಮಾಡಿ ಕೇಳಿ. ಹೊಸ ಕಂಪನಿಗೆ ಇದಕ್ಕಿಂತ ಬೆಲೆಬಾಳುವ ಚಾರ್ಟ್ ನನಗೆ ಗೊತ್ತಿಲ್ಲ.

ಮ್ಯಾಪ್ ನೋಡಲು ಚಂದ, ಆದರೆ ಬೆಂಗಳೂರಿನ ಮೇಲೆ ದೊಡ್ಡ ಚುಕ್ಕಿ ಬರುತ್ತೆ, ಅದು ಮ್ಯಾಪ್ ಇಲ್ಲದೆಯೂ ಗೊತ್ತಿತ್ತಲ್ಲ. ಪಿನ್‌ಕೋಡ್‌ನ ಮೊದಲ ಮೂರು ಅಂಕಿ ತೆಗೆದು ಗುಂಪು ಮಾಡಿ. 560 ಬೆಂಗಳೂರು, 570 ಮೈಸೂರು, 575 ಮಂಗಳೂರು, 600 ಚೆನ್ನೈ, 500 ಹೈದರಾಬಾದ್. ಎಷ್ಟು ಆರ್ಡರ್ ಅಂತ ಎಣಿಸಬೇಡಿ. ನೂರರಲ್ಲಿ ಎಷ್ಟು ಜನ ಮತ್ತೆ ಕೊಂಡರು ಅಂತ ನೋಡಿ. ಸಣ್ಣ ಊರು ಮೇಲೆ ಬಂದರೆ ಆಶ್ಚರ್ಯ ಇಲ್ಲ.

ಲೆಕ್ಕದಕ್ಕ

ಪಿನ್‌ಕೋಡ್ ತೆಗೆಯುತ್ತೀರಲ್ಲ, ಅದರ ಪಕ್ಕ ಕೊರಿಯರ್ ಖರ್ಚೂ ಇಡಿ. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕೆಜಿ ಲೆಕ್ಕದಲ್ಲಿ ರೇಟ್ ಏರಿಸುತ್ತಾರೆ. 250 ಗ್ರಾಂನ ಎರಡು ಪ್ಯಾಕೆಟ್ ಹಾಕಿದರೆ ಕಾಫಿಯೇ 500 ಗ್ರಾಂ, ಡಬ್ಬ, ಟೇಪ್ ಸೇರಿ ಗೆರೆ ದಾಟಿತು. ಒಂದು ಕೆಜಿಯ ದುಡ್ಡು ಕಟ್ಟಿ ಅರ್ಧ ಕೆಜಿ ಕಳಿಸಿದ ಹಾಗಾಯಿತು. ತೂಕ ಅಡಿಯಲ್ಲಿ, ಕೊರಿಯರ್ ಚಾರ್ಜ್ ಪಕ್ಕದಲ್ಲಿ ಇಟ್ಟು ಚುಕ್ಕಿ ಚಾರ್ಟ್ ಹಾಕಿ. ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ನಿಮ್ಮ ಚುಕ್ಕಿಗಳೆಲ್ಲ ಮೆಟ್ಟಿಲಿನ ಎಡತುದಿಯಲ್ಲೇ ಗುಂಪಾಗಿದ್ದರೆ ಪ್ಯಾಕೆಟ್ ಅಳತೆ ಬದಲಾಯಿಸಬೇಕು ಅಂತ ಲೆಕ್ಕ. 200 ಗ್ರಾಂ ಪ್ಯಾಕೆಟ್ ಮಾಡಿ, ಇಲ್ಲಾ ಮೂರು ಪ್ಯಾಕೆಟ್‌ಗೆ ಆಫರ್ ಕೊಡಿ.

ಮಡಿಕೇರಿ_ಮಂಜು

ಅಕ್ಕ, ಇದು ಬಹಳ ಒಳ್ಳೆಯ ಮಾತು!

ಒಂದು ಎಚ್ಚರಿಕೆ ನನ್ನ ಕಡೆಯಿಂದ. ಟ್ಯಾಬ್ಲೋ ಪಬ್ಲಿಕ್ ಉಚಿತ ಅಂತ ಗಿರಾಕಿಗಳ ಪಟ್ಟಿ ಹಾಕಿಬಿಡಬೇಡಿ. ಹೆಸರಲ್ಲೇ ಇದೆ, ಅಲ್ಲಿ ಪ್ರಕಟಿಸಿದ್ದು ಊರಿಗೆಲ್ಲ ಕಾಣುತ್ತೆ. ಪವರ್ ಬಿಐನ ವೆಬ್‌ಗೆ ಪ್ರಕಟಿಸುವ ಬಟನ್ ಒತ್ತಿದರೂ ಅಷ್ಟೇ. ಗೂಗಲ್ ಶೀಟ್‌ನಲ್ಲಿ "ಲಿಂಕ್ ಇರುವ ಯಾರು ಬೇಕಾದರೂ" ಅಂತ ಇಟ್ಟು ವಾಟ್ಸಾಪ್ ಗ್ರೂಪ್‌ಗೆ ಹಾಕುವವರು ನಮ್ಮಲ್ಲಿ ಜಾಸ್ತಿ. ಹೋಂಸ್ಟೇಯವರ ಹತ್ತಿರ ಜನರ ಐಡಿ ಪ್ರತಿಗಳೇ ಇರುತ್ತವೆ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾನೂನೇ ಬಂದಿದೆ. ಚಾರ್ಟ್‌ಗೆ ಬೇಕಾದದ್ದು ತಾರೀಖು, ಪಿನ್‌ಕೋಡ್, ಮೊತ್ತ ಅಷ್ಟೇ. ಹೆಸರು, ಫೋನ್ ನಂಬರ್ ಬೇರೆ ಶೀಟ್‌ನಲ್ಲಿ ಬೀಗ ಹಾಕಿ ಇಡಿ, ನಡುವೆ ಒಂದು ಗಿರಾಕಿ ನಂಬರ್ ಇದ್ದರೆ ಸಾಕು. ಡೇಟಾ ಹೊರಗೆ ಹೋಗಲೇಬಾರದು ಅಂದರೆ ರಾಗ್ರಾಫ್ಸ್ ನೋಡಿ, ನಿಮ್ಮ ಬ್ರೌಸರ್‌ನಲ್ಲೇ ಬಿಡಿಸಿ ಕೊಡುತ್ತೆ.

ಪೊನ್ನಂಪೇಟೆ_ರೋಸ್ಟ್

ಅನುದಾನದ ಅರ್ಜಿಗೆ ಯಾವ ಗ್ರಾಫ್ ಹಾಕಲಿ? ಚಿಕ್ಕಪ್ಪನ ಮಗ ಶುರುವಿನಿಂದ ಇಲ್ಲಿಯ ತನಕದ ಒಟ್ಟು ಮಾರಾಟದ ಗೆರೆ ಹಾಕಿದ್ದಾನೆ. ಚೆನ್ನಾಗಿ ಮೇಲಕ್ಕೆ ಹೋಗಿದೆ.

ಸಂಪಾಜೆ_ಘಾಟಿ

ಅಯ್ಯೋ, ಅದು ಮೇಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ ಮಾರಾಯ್ರೇ! ತಿಂಗಳಿಗೆ 40, 38, 30, 22 ಆರ್ಡರ್ ಬಂದಿದೆ ಅನ್ನಿ, ವ್ಯಾಪಾರ ಮುಳುಗುತ್ತಿದೆ. ಒಟ್ಟು ಮಾಡಿದರೆ 40, 78, 108, 130. ಗೆರೆ ಏರುತ್ತಲೇ ಇದೆ. ನೂರಾರು ಅರ್ಜಿ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತೆ, ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ. ತಿಂಗಳ ಮಾರಾಟವನ್ನೇ ಹಾಕಿ, ಮಳೆಗಾಲದಲ್ಲಿ ಬಿದ್ದಿದ್ದರೆ ಬಿದ್ದಿದೆ, ಪಕ್ಕದಲ್ಲಿ ಹಿಂದಿನ ವರ್ಷದ್ದು ತೆಳು ಬಣ್ಣದಲ್ಲಿ ಇರಲಿ. ಅದರ ಜೊತೆ ಮತ್ತೆ ಕೊಂಡವರ ಚಾರ್ಟ್, ಅಕ್ಕ ಹೇಳಿದ ಕೆಜಿ ಅಸಲಿನ ಚಾರ್ಟ್. ಅಷ್ಟೇ.

ಗೂಗಲ್ ಟ್ರೆಂಡ್ಸ್ ಗ್ರಾಫ್ ಹಾಕಿ "ಕೂರ್ಗ್ ಕಾಫಿಗೆ ಬೇಡಿಕೆ 100" ಅಂತ ಬರೆಯುವವರೂ ಇದ್ದಾರೆ. ಅದು ಹುಡುಕಿದವರ ಎಣಿಕೆ ಅಲ್ಲ. ಆರಿಸಿಕೊಂಡ ಕಾಲ, ಊರಿನ ಒಳಗೆ ಅತಿ ಹೆಚ್ಚು ಇದ್ದ ಹೊತ್ತಿಗೆ 100 ಅಂತ ಇಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸುತ್ತೆ. ಯಾವ ತಿಂಗಳು ಜನ ಜಾಸ್ತಿ ಹುಡುಕುತ್ತಾರೆ ಅಂತ ತಿಳಿಯಲು ಒಳ್ಳೆಯದು, ಮಾರುಕಟ್ಟೆ ಎಷ್ಟು ದೊಡ್ಡದು ಅಂತ ಹೇಳಲು ಅಲ್ಲ. ನಿಮ್ಮ ಅರೇಬಿಕಾ ಬಗ್ಗೆ ಹೇಳಬೇಕಿದ್ದರೆ 2019ರಲ್ಲಿ ಕೂರ್ಗ್ ಅರೇಬಿಕಾಕ್ಕೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ, ಅದನ್ನು ಒಂದು ಸಾಲಿನಲ್ಲಿ ಬರೆಯಿರಿ, ಅದಕ್ಕೆ ಗ್ರಾಫ್ ಬೇಡ.

ಲೆಕ್ಕದಕ್ಕ

ಆ ಜಿಐ ಹೆಸರನ್ನು ಪ್ಯಾಕೆಟ್ ಮೇಲೆ ಹಾಕಬೇಕಿದ್ದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಕಾಫಿ ಮಂಡಳಿಯಲ್ಲಿ ವಿಚಾರಿಸಿ.

ಪೊನ್ನಂಪೇಟೆ_ರೋಸ್ಟ್

ಸರಿ ಅಕ್ಕ. ಬೆಂಗಳೂರಿನವರಿಗೆ ಈಗ ಬೇಡ ಅಂತ ಹೇಳಿದೆವು. ಒಂದು ಶೀಟ್ ಮಾಡಿದ್ದೇವೆ, ಆರ್ಡರ್‌ಗೊಂದು ಸಾಲು. ಲಾಟ್ ನಂಬರ್, ಪಿನ್‌ಕೋಡ್, ತೂಕ, ಕೊರಿಯರ್ ಚಾರ್ಜ್ ಎಲ್ಲ ಅದರಲ್ಲೇ. ವಾಟ್ಸಾಪ್ ಆರ್ಡರ್‌ಗೆ ಗೂಗಲ್ ಫಾರ್ಮ್ ಮಾಡಿ ನಮ್ಮ ಮೂವರ ಫೋನ್‌ಗೂ ಹಾಕಿದ್ದೇವೆ. ಇದು ಮಳೆಗಾಲದಲ್ಲಿ ಹೇಗೆ ನಡೆಯುತ್ತೋ ಗೊತ್ತಿಲ್ಲ, ಕರೆಂಟ್ ಹೋದರೆ ನೆಟ್ಟೂ ಹೋಗುತ್ತೆ.

ಶನಿವಾರಸಂತೆ_ಸಿಗ್ನಲ್

ಗೂಗಲ್ ಫಾರ್ಮ್ ನೆಟ್ ಇಲ್ಲದೆ ನಡೆಯಲ್ಲ. ಕೋಬೋಟೂಲ್‌ಬಾಕ್ಸ್ ನೋಡಿ, ಫಾರ್ಮ್ ಫೋನ್‌ನಲ್ಲೇ ಉಳಿಯುತ್ತೆ, ನೆಟ್ ಬಂದಾಗ ತಾನೇ ಕಳಿಸುತ್ತೆ. ನಾವು ತೋಟಗಳಿಂದ ಮಳೆ ಲೆಕ್ಕ ತರಿಸುವುದು ಅದರಲ್ಲೇ. ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಇದ್ದರೆ ಗೂಗಲ್ ಶೀಟ್ಸ್‌ನ ಆಫ್‌ಲೈನ್ ಸೆಟ್ಟಿಂಗನ್ನು ಕರೆಂಟ್ ಇರುವಾಗಲೇ ಆನ್ ಮಾಡಿಡಿ. ಮೂವರೂ ಒಂದೇ ಸಾಲನ್ನು ಆಫ್‌ಲೈನ್‌ನಲ್ಲಿ ತಿದ್ದಬೇಡಿ, ಆಮೇಲೆ ಯಾರು ಬರೆದದ್ದು ಉಳಿಯಿತು ಅಂತ ಹುಡುಕಬೇಕಾಗುತ್ತೆ.

ಮಳೆಪುಸ್ತಕ

ಕರೆಂಟ್ ಇಲ್ಲದಿದ್ದರೆ ನೋಟ್‌ಬುಕ್‌ನಲ್ಲಿ ಬರೆದಿಡಮ್ಮ, ಬಂದ ಮೇಲೆ ಹಾಕು. ಅಂದ ಹಾಗೆ ನಮ್ಮ ರೋಬಸ್ಟಾ ಲಾಟ್ ನಿಮಗೆ ಬೇಕಾದರೆ ಸ್ಯಾಂಪಲ್ ತೆಗೆದುಕೊಂಡು ಹೋಗಿ, ಔಟ್‌ಟರ್ನ್ ನಿಮ್ಮ ಎದುರಿಗೇ ನೋಡೋಣ.